ಶಬ್ದವಿಚಾರ: ಪಡಖಾನೆಯೂ ಖಾನಾವಳಿಯೂ

ಹಾನಗಲ್ಲಿನ ವಾಚಕರೊಬ್ಬರು ನಮಗೆ ಪತ್ರ ಬರೆದಿರುವರು. ಅವರ ತಾಯಿಯವರು ಖಾನಾವಳಿ ನಡೆಯಿಸಿ ಮಕ್ಕಳನ್ನು ಸಾಕಿದವರು. ಈಗ ತಂಗಿಗೆ ಮೈಸೂರು ಸೀಮೆಯಿಂದ ಸಂಬಂಧವೊಂದು ಬಂದಿದ್ದು, ವರನ ಕಡೆಯ ಹಿರಿಯರು "ಖಾನಾವಳಿಯೆಂದರೆ ಪಡಖಾನೆಯ ಜಾತಿಯದೇ ಅಲ್ಲವೆ?" ಎಂದು ಮಾತು ನಿಲ್ಲಿಸಿರುವರಂತೆ.

ಮದ್ಯವನ್ನು ಮಾರಿ ಅಲ್ಲಿಯೇ ಕುಡಿಸುವ ಮನೆಗೆ ಪಡಖಾನೆಯೆಂಬ ಹೆಸರು ಆ ಸೀಮೆಯಲ್ಲಿ ರೂಢವಾದುದು. ಅದರ ಕೊನೆಗಿರುವ ಖಾನೆಯು ಪಾರಸಿಯ ಖಾನಾ, ಮನೆಯೆಂದರ್ಥ. ಕಾರಖಾನೆ, ದವಾಖಾನೆಗಳಲ್ಲಿರುವುದೂ ಇದೇ. ಖಾನೆಯಲ್ಲಿಯೇ ದೋಷವಿದ್ದ ಪಕ್ಷದಲ್ಲಿ ದವಾಖಾನೆಗೆ ಹೋದ ರೋಗಿಯೂ ದೂಷ್ಯನಾಗಬೇಕಾದೀತು! ಖಾನಾವಳಿಯಾದರೋ ಈ ಮನೆತನಕ್ಕೆ ಸೇರಿದುದೇ ಅಲ್ಲ. ಅದು ಮರಾಠಿಯ ಖಾಣಾವಳ. ಅದರ ಮೊದಲಲ್ಲಿರುವುದು ಖಾಣೇ, ಎಂದರೆ ತಿನ್ನುವುದು. ಸಂಸ್ಕೃತದ ಖಾದ್ ಧಾತುವಿನ ಸಂತಾನ. ಪೇಶವೆಯರ ಆಳಿಕೆಯನ್ನೂ ಬಳಿಕ 1956ರ ವರೆಗೆ ಮುಂಬಯಿಯ ಆಡಳಿತವನ್ನೂ ಕಂಡ ಸೀಮೆಯಲ್ಲಿ ಇಂಥ ಮರಾಠಿ ಮಾತುಗಳು ಮನೆಮಾತಾಗಿರುವುದು ಸಹಜವಷ್ಟೆ. ಆ ಹಿರಿಯರಿಗೆ ಈ ಪುಟವನ್ನು ತೋರಿಸಬಹುದು. ಅದಕ್ಕಿಂತ ಮೇಲಾದ ಉಪಾಯವೆಂದರೆ ಅವರನ್ನು ಒಂದು ಮಧ್ಯಾಹ್ನ ಖಾನಾವಳಿಗೇ ಕರೆದು ಬಿಸಿ ಜೋಳದ ರೊಟ್ಟಿಯನ್ನೂ ಬದನೆಯ ಎಣಗಾಯಿಯನ್ನೂ ಬಡಿಸುವುದು.

ಮದ್ಯದ ಮನೆಗೆ ಹಾನಗಲ್ಲಿನ ಕಡೆಯ ಜನರು ಸೆರೆ ಅಂಗಡಿ, ಸಿಂದಿ ಅಂಗಡಿ ಎಂದು ಬೇರೆಯೇ ಮಾತುಗಳನ್ನಾಡುವರು. ಒಳಗೆ ದೊರೆಯುವುದೇನೆಂಬುದನ್ನು ಮುಚ್ಚುಮರೆಯಿಲ್ಲದೆ ಸಾರುವ ಹೆಸರುಗಳು. ಕಳ್ಳಂಗಡಿಯೆಂಬುದು ಇನ್ನೂ ಸ್ವಾರಸ್ಯವಾದುದು. ಕಳ್ಳು, ಅಂಗಡಿ ಎಂದು ಬಿಡಿಸಿದರೂ ಕಳ್ಳ, ಅಂಗಡಿ ಎಂದು ಬಿಡಿಸಿದರೂ ಲೋಪಸಂಧಿಯಿಂದ ರೂಪ ಒಂದೇ. ಕಳ್ಳು ಬೇರೆ, ಕಳವು ಬೇರೆ, ಎರಡಕ್ಕೂ ಮೂಲಗಳು ಬೇರೆ ಎಂದು ಭಾಷಾಶಾಸ್ತ್ರಜ್ಞರು ಹೇಳುವರು. ಗಂಡನ ಕೂಲಿಯ ಹಣಕ್ಕಾಗಿ ಸಂಜೆಯೆಲ್ಲ ಕಾದು ಕುಳಿತ ಹೆಂಗಸಿಗೆ ಈ ಭೇದವನ್ನು ಬೋಧಿಸುವ ಧೈರ್ಯ ಮಾತ್ರ ನಮಗಿಲ್ಲ.

ಹೆಸರು ಮರೆಸುವ ಜಾಣತನವೂ ಹಳೆಯದೇ. ಮದ್ಯಕ್ಕೆ ಹೇಳುವ ದಾರು ಪಾರಸಿಯಲ್ಲಿ ಔಷಧವೆಂಬ ಅರ್ಥದ ಮಾತು. ಈಗಿನ ತರುಣರು ಎಣ್ಣೆಯೆನ್ನುವರು. 2007ರಲ್ಲಿ ಸಾರಾಯಿ ಮಾರಾಟವನ್ನು ಸರಕಾರ ನಿಲ್ಲಿಸಿದ ಮೇಲೆ ಸಾರಾಯಿ ಅಂಗಡಿಯ ಹೆಸರಳಿದು ಫಲಕಗಳಲ್ಲಿ ಬಾರ್ ಎಂಬುದೇ ಉಳಿಯಿತು. ಅದು ಕೊಡುವವನಿಗೂ ಕುಡಿಯುವವನಿಗೂ ನಡುವಣ ಅಡ್ಡಹಲಗೆಯ ಹೆಸರು; ವಕೀಲರ ಬಾರ್ ಸಹ ಮೂಲದಲ್ಲಿ ನ್ಯಾಯಸ್ಥಾನದ ಅಡ್ಡಗಟ್ಟೆಯೇ.

ಕಡೆಗೊಂದು ಮಾತು. ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ಲೆಂದಿರುವುದನ್ನು ಕಂಡು ಯಾರೂ ಅದನ್ನು ಪಾನಕ್ಕೆ ಗಂಟು ಹಾಕತಕ್ಕದ್ದಲ್ಲ. ಪಾಲು ಹಾಲಾದಂತೆ ಅಲ್ಲಿಯೂ ಪಕಾರವು ಹಕಾರವಾಗಿರುವುದು.