ವೇಗಕ್ಕೂ ಔಚಿತ್ಯ ಬೇಕು

ಬಳಸಿದ ಹ್ಯಾಚ್‌ಬ್ಯಾಕ್ ಕಾರನ್ನು ಕೊಳ್ಳಹೊರಟ ನಮ್ಮ ತರುಣರು ವೇಗವೊಂದಕ್ಕೇ ಮರುಳಾಗುವುದು, ಅಲಂಕಾರವನ್ನೇ ಕಾವ್ಯವೆಂದು ಬಗೆದಂತೆ. 2015ರಲ್ಲಿ ಬಂದ ಫಿಯಟ್ ಅಬಾರ್ತ್ ಪುಂಟೊಗೆ 145 ಅಶ್ವಶಕ್ತಿಯುಂಟು. ಆದರೆ ನೆಲದಿಂದ ಅದರ ಎತ್ತರ 155 ಮಿಲಿಮೀಟರು. ಫಿಯಟ್ ಕಾರುಗಳ ಮಾರಾಟವೂ ನಮ್ಮಲ್ಲಿ 2019ರಲ್ಲೇ ನಿಂತಿತು. ಗುಂಡಗುರ್ತಿಯ ಎರೆನೆಲದ ದಾರಿಗಳಲ್ಲಿ, ಸಿಮೆಂಟು ಲಾರಿಗಳ ಬೆನ್ನಹಿಂದೆ, ಆ ಶಕ್ತಿಗೆ ಎಡೆಯೆಲ್ಲಿ? ಬಿಡಿಭಾಗಕ್ಕಾಗಿ ಎಷ್ಟು ದೂರ ಅಲೆಯಬೇಕು?

2017ರಿಂದ 2020ರವರೆಗೆ ಮಾರಾಟವಾದ ಬಲೆನೊ ಆರ್.ಎಸ್. ಕಾರಿಗೆ 102 ಅಶ್ವಶಕ್ತಿ ಮಾತ್ರ. ಆದರೂ ನೆಲದಿಂದ 170 ಮಿಲಿಮೀಟರು ಎತ್ತರ. ಹಿಂಬದಿಯಲ್ಲಿ 339 ಲೀಟರು ಜಾಗ. ತೊಗರಿಯ ಚೀಲವನ್ನು ಹೊತ್ತೂ ತೆರವಾದ ಹಾದಿಯಲ್ಲಿ ಮನವನ್ನು ತಣಿಸಬಲ್ಲದು. ಕೊಳ್ಳುವ ಮುನ್ನ ಟರ್ಬೊ, ಕ್ಲಚ್ಚು, ದುರಸ್ತಿಯ ದಾಖಲೆಗಳನ್ನು ಬಲ್ಲವರಿಂದ ಪರೀಕ್ಷಿಸಬೇಕು. ನಿತ್ಯದ ಬಾಳಿಗೆ ಒದಗದ ವೇಗವು ಸಾಲ ತಂದು ಸಾಕುವ ವ್ಯಸನವೇ ಸರಿ.