ದೇವಸ್ಥಾನದ ಸ್ಯಾಕ್ಸೋಫೋನು, ಇಗರ್ಜಿಯ ಆರ್ಗನ್ನು

ನಮ್ಮ ಮಂಗಳೂರಲ್ಲಿ ಸ್ಯಾಕ್ಸೋಫೋನ್ ಅಂದ್ರೆ ಜಾಝ್ ನೆನಪಾಗುವವರು ಕಡಿಮೆ ಮಾರಾಯ್ರೇ. ನೆನಪಾಗುವುದು ದೇವರ ಬಲಿ, ಭೂತದ ಕೋಲ, ಮದುವೆಯ ಧಾರೆ. ಅಮೆರಿಕದ ಬಾರುಗಳ ಹೊಗೆಯಲ್ಲಿ ಹೆಸರು ಮಾಡಿದ ವಾದ್ಯ ಇಲ್ಲಿ ಉತ್ಸವಮೂರ್ತಿಯ ಮುಂದೆ ನಡೆಯುತ್ತದೆ. ಹೊರಗಿನವರಿಗೆ ವಿಚಿತ್ರ, ನಮಗೆ ಮಾಮೂಲು.

ಹ್ಯಾಮಂಡ್ ಆರ್ಗನ್ನಿನದು ಇದಕ್ಕೆ ಉಲ್ಟಾ ದಾರಿ. 1935ರಲ್ಲಿ ಮಾರಾಟಕ್ಕೆ ಬಂದ ಈ ವಿದ್ಯುತ್ ವಾದ್ಯವನ್ನು, ದೊಡ್ಡ ಕೊಳವೆ ಆರ್ಗನ್ ಕೊಳ್ಳುವಷ್ಟು ದುಡ್ಡಿಲ್ಲದ ಚರ್ಚುಗಳು ಕೊಂಡುಕೊಂಡವು. ಅಲ್ಲಿಂದ ಅದು ಬಾರಿಗೆ ಇಳಿಯಿತು. 1956ರಿಂದ ಬ್ಲೂ ನೋಟ್ ಕಂಪನಿಗೆ ನುಡಿಸಿದ ಜಿಮ್ಮಿ ಸ್ಮಿತ್‌ನ ಇಪ್ಪತ್ತು ನಿಮಿಷದ ಒಂದು ವಾದನದ ಹೆಸರೇ 'ದ ಸರ್ಮನ್', ಅಂದರೆ ಪಾದ್ರಿಯ ಪ್ರವಚನ! ಹಾಡುವವರಿಲ್ಲ. ಬೇಸ್‌ಗೆ ಬೇರೆ ಆಳಿಲ್ಲ, ಆರ್ಗನಿಸ್ಟನ ಎಡಗೈ ಮತ್ತು ಪಾದಗಳೇ ಅದನ್ನು ನೋಡಿಕೊಳ್ಳುತ್ತವೆ. ಮೇಲೆ ಸ್ಯಾಕ್ಸೋಫೋನು, ಟ್ರಂಪೆಟ್ಟು ಸರದಿಯಲ್ಲಿ ಬಂದು ಹೋಗುತ್ತವೆ. ಸೋಲ್ ಜಾಝ್ ಅನ್ನುವುದು ಇಂಥದ್ದಕ್ಕೇ. ಇದರ ತಾಳವನ್ನು ಇನ್ನಷ್ಟು ಬಿಗಿ ಮಾಡಿ ಕುಣಿಸಿದರೆ ಫಂಕ್.

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಇದೆ. ಸಜೀಪದ ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಹತ್ತಿರ ಕಲಿತು, ಅದರಲ್ಲಿ ಗಮಕ ಹೊರಡಿಸಿದ್ದು ಎಲ್ಲರಿಗೂ ಗೊತ್ತು. 1994ರ ಬಿಬಿಸಿ ಪ್ರಾಮ್ಸ್, 2004ರ ಪದ್ಮಶ್ರೀ ಕೂಡ ಗೊತ್ತು. ಆದರೆ 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿ, ನಾನೂ ಜೊತೆಗೆ ನುಡಿಸಲಾ ಅಂತ ವೇದಿಕೆಗೆ ಬಂದ ಜಾನ್ ಹ್ಯಾಂಡಿ ಯಾರು? 1959ರಲ್ಲಿ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದವರು, 1976ರಲ್ಲಿ 'ಹಾರ್ಡ್ ವರ್ಕ್' ಅನ್ನುವ ಪಕ್ಕಾ ಫಂಕ್ ತುಣುಕಿನಿಂದ ಮನೆಮಾತಾದವರು. ಅಂದರೆ ಸೋಲ್ ಜಾಝ್ ತಾನಾಗಿಯೇ ನಮ್ಮ ಕದ್ರಿಯವರ ಪಕ್ಕ ಬಂದು ನಿಂತಿತ್ತು!

ಅದೇನು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ. ನಾಲ್ಕು ಮಾತ್ರೆಗೊಮ್ಮೆ ಕಾರ್ಡ್ ಬದಲಾಗುವ ಜಾಝಿನಲ್ಲಿ ರಾಗ ಕಾಲು ಜಾರಿ ಬೀಳುತ್ತದೆ. ಫಂಕ್ ಹಾಗಲ್ಲ, ಒಂದೇ ಕಾರ್ಡಿನ ಮೇಲೆ ಎಷ್ಟೋ ಹೊತ್ತು ನಿಲ್ಲುತ್ತದೆ, ಶ್ರುತಿಯ ಮೇಲೆ ರಾಗ ನಿಂತ ಹಾಗೆ. ಬೆರಕೆ ಸಂಗೀತ ಅಂತ ಮೂಗು ಮುರಿಯುವವರು ಇಷ್ಟು ಕೇಳಿ ಆಮೇಲೆ ಮುರಿಯಲಿ.

ಹಂಪನಕಟ್ಟೆಯಲ್ಲಿ ನಿಂತು ನೋಡಿ. ಮಿಲಾಗ್ರಿಸ್ ಇಗರ್ಜಿ, ಶರವು ದೇವಸ್ಥಾನ, ಪುರಭವನ ಎಲ್ಲ ನಡೆದುಹೋಗುವಷ್ಟೇ ದೂರ. ಈ ಊರಿನ ಇಗರ್ಜಿಗಳಲ್ಲಿ ಕೀಬೋರ್ಡ್ ನುಡಿಸುವ ಹುಡುಗರಿದ್ದಾರೆ, ಕ್ರಿಶ್ಚಿಯನ್ ಮದುವೆಗಳಲ್ಲಿ ಬ್ರಾಸ್ ಬ್ಯಾಂಡಿನವರಿದ್ದಾರೆ, ದೇವಸ್ಥಾನಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವ ಹೆಣ್ಣುಮಕ್ಕಳೂ ಇದ್ದಾರೆ. ಸೋಲ್ ಜಾಝಿಗೆ ಬೇಕಾದ್ದೆಲ್ಲ ಇದೆ. ಒಂದೇ ವೇದಿಕೆಯಲ್ಲಿ ಇವರೆಲ್ಲ ಕೂತದ್ದನ್ನು ಮಾತ್ರ ನಾನು ನೋಡಿಲ್ಲ.

ಕೂತರೂ ಕೇಳುವವರು ಬೇಕಲ್ಲ. ಮದುವೆ ಹಾಲಿನಲ್ಲಿ ಪಾಪ ಆ ಮನುಷ್ಯ ಕಲ್ಯಾಣಿಯನ್ನು ಬಿಡಿಸಿ ಬಿಡಿಸಿ ನುಡಿಸುತ್ತಿರುವಾಗಲೇ ಮೈಕಿನಲ್ಲಿ "ಊಟಕ್ಕೆ ಬನ್ನಿ, ಊಟಕ್ಕೆ ಬನ್ನಿ". ಮಾತಿಲ್ಲದ ಸಂಗೀತ ಅಂದರೆ ನಮಗೆ ಸಾಂಬಾರಿನ ಪರಿಮಳದ ಹಾಗೆ, ಸುತ್ತಮುತ್ತ ಇದ್ದರಾಯ್ತು. ಈಗಂತೂ ಕೀಬೋರ್ಡಿನಲ್ಲಿ 'ಬ್ರಾಸ್' ಅಂತ ಒಂದು ಗುಂಡಿ ಇದೆ. ಒತ್ತಿದರೆ ಮೂವರು ಊದುವವರ ಸಂಬಳ ಉಳಿಯಿತು. ಉಸಿರು ತೆಗೆದುಕೊಳ್ಳದ ಆ ಟ್ರಂಪೆಟ್ ಕೇಳಿದಾಗೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ :)

ಕದ್ರಿಯವರು 2019ರ ಅಕ್ಟೋಬರಿನಲ್ಲಿ ಹೋದರು. ಅವರ ಹೆಸರಿನಲ್ಲಿ ಇನ್ನೊಂದು ಸನ್ಮಾನ, ಶಾಲು, ಹಣ್ಣುಬುಟ್ಟಿ ಬೇಡ. ಪುರಭವನದಲ್ಲಿ ಒಂದು ಸಂಜೆ ಇಗರ್ಜಿಯ ಹುಡುಗನ ಪಕ್ಕ ದೇವಸ್ಥಾನದ ಹುಡುಗಿಯನ್ನು ಕೂರಿಸಿ, ಹಿಂದೆ ಇಬ್ಬರು ಬ್ರಾಸಿನವರನ್ನೂ ಒಬ್ಬ ಡ್ರಮ್ಮಿನವನನ್ನೂ ನಿಲ್ಲಿಸಿ, ಎಲ್ಲರಿಗೂ ಸರಿಯಾದ ಸಂಭಾವನೆ ಕೊಡಿ. ಟಿಕೆಟ್ ಇಡಿ, ನಾನು ಕೊಂಡು ಬರುತ್ತೇನೆ. ಊಟ ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ಇಟ್ಟುಕೊಳ್ಳಿ.