ಎಂಸಿಬಿ ಪದೇ ಪದೇ ಬೀಳ್ತಿದೆಯಾ? ದೊಡ್ಡದು ಹಾಕಿಸೋದು ಪರಿಹಾರವಲ್ಲ

ಶಿವಮೊಗ್ಗ: ಮಳೆಗಾಲ ಬಂದರೆ ಮಲೆನಾಡಿನ ಹಲವು ಮನೆಗಳಲ್ಲಿ ಬೆಳಗ್ಗೆ ಇದೇ ಗೋಳು. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಆನ್ ಆಗಿ ಸ್ವಲ್ಪ ಹೊತ್ತಿಗೆ ಎಂಸಿಬಿ ಟಪ್ ಅಂತ ಬೀಳುತ್ತೆ. ‘16ರದ್ದು ತೆಗೆದು 32ರದ್ದು ಹಾಕ್ಬಿಡಿ’ ಎಂಬ ಸಲಹೆ ಬರುವುದೇ ಆಗ. ನಿಜವಾದ ಅಪಾಯ ಶುರುವಾಗೋದೂ ಅಲ್ಲೇ.

ಲೆಕ್ಕ ಸರಳ. 230 ವೋಲ್ಟ್‌ನಲ್ಲಿ 16 ಆಂಪಿಯರ್ ಎಂದರೆ ಸುಮಾರು 3,680 ವ್ಯಾಟ್. ಗೀಸರ್ 3,000, ಇಂಡಕ್ಷನ್ 2,000, ಇಸ್ತ್ರಿ ಪೆಟ್ಟಿಗೆ 1,000 ಒಂದೇ ಲೈನಿನಲ್ಲಿದ್ದರೆ 26 ಆಂಪಿಯರ್ ದಾಟುತ್ತೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ವೈರ್ ಹಳೆಯದೇ ಇಟ್ಟು ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ, ವೈರ್ ಸುಟ್ಟರೂ ಅದು ಬೀಳಲ್ಲ.

ಬೀಳುವ ರೀತಿಯೇ ಕಾರಣ ಹೇಳುತ್ತೆ. ಹೊತ್ತು ಕಳೆದು ಬಿದ್ದರೆ ಓವರ್‌ಲೋಡ್ ಇರಬಹುದು. ಎತ್ತಿದ ತಕ್ಷಣ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಶಂಕೆ. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಸೋರಿಕೆ: ತೇವ ಹಿಡಿದ ಬೋರ್ಡ್, ಕೆಟ್ಟ ಗೀಸರ್ ಕಾಯಿಲ್. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್‌ನ ಈ ಸಾಧನ ಜೀವ ಉಳಿಸೋದು. ಅದನ್ನು ಬೈಪಾಸ್ ಮಾಡಿಸಲೇಬಾರದು.

ಗೃಹಜ್ಯೋತಿಯಲ್ಲಿ 2023ರಿಂದ 200 ಯೂನಿಟ್ ಮಿತಿಯೊಳಗೆ ಉಚಿತ ಕರೆಂಟ್ ಸಿಗುತ್ತಿದೆ. ಆದರೆ ಯೂನಿಟ್ ಲೆಕ್ಕ ಬೇರೆ, ಲೋಡ್ ಲೆಕ್ಕ ಬೇರೆ. ಬಿಲ್ ಸೊನ್ನೆ ಬಂದರೂ ವೈರಿನ ತಾಕತ್ತು ಹೆಚ್ಚಲ್ಲ.

ಗೀಸರ್‌ಗೆ ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ತಪಾಸಣೆ. ಖರ್ಚು ಮಾಡಬೇಕಾದ್ದು ಇದಕ್ಕೆ. ಅಲ್ಲಿಯವರೆಗೆ ಗೀಸರ್ ಆಫ್ ಮಾಡಿದ ಮೇಲೆಯೇ ಇಂಡಕ್ಷನ್ ಹಚ್ಚುವುದು ಕ್ಷೇಮ.